ಫಾಲ್ ಹಚ್ಚಿದ ಬೇಸಿಗೆ

ಹೋದ ಭಾನುವಾರ ತಂಗಿಯ ಮಗಳು ಮನೆಗೆ ಬಂದಿದ್ದಳು. ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದಿದೆ. ವಯಸ್ಸು ಹದಿನಾಲ್ಕು ತುಂಬಿದೆ. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಮೆಲ್ಲಗೆ ಕೇಳಿದಳು, "ದೊಡ್ಡವ್ವ, ಸೂಟಿಯಾಗ ಎಲ್ಲರೆ ಕೆಲಸ ಸಿಗತೈತೇನು?"

ತಂಗಿಗೆ ಸಿಟ್ಟು ಬಂತು. "ನಿನಗೇನು ಕಡಿಮಿ ಮಾಡೀವಿ? ಮಂದಿ ಏನಂದಾರು?" ಅಂದಳು. ಹುಡುಗಿ ತಾಟಿನಿಂದ ತಲೆ ಎತ್ತಲಿಲ್ಲ. ನಾನು ಪಲ್ಯ ಬಡಿಸುತ್ತಾ ಸುಮ್ಮನಿದ್ದೆ. ಆ ಒಂದು ಮಾತು ಕೇಳೋಕೆ ಅವಳು ಎಷ್ಟು ದಿನದಿಂದ ಧೈರ್ಯ ಕೂಡಿಸಿಕೊಂಡಿದ್ದಳೋ ಅಂತ ನನಗೆ ಗೊತ್ತು. ಅದೇ ವಯಸ್ಸಿನಲ್ಲಿ, ಇಂಥದೇ ಏಪ್ರಿಲ್ ಬಿಸಿಲಲ್ಲಿ, ಕೊಪ್ಪಳದ ಜವಾಹರ ರಸ್ತೆಯಲ್ಲಿ ನಾನೂ ಅದನ್ನೇ ಕೇಳಿಕೊಂಡು ಅಂಗಡಿ ಅಂಗಡಿ ತಿರುಗಿದ್ದೆ. ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಅವಳಿಗೆ ಅರ್ಧ ಹೇಳಿದೆ. ಅಷ್ಟರಲ್ಲಿ ನಿದ್ದೆ ಹೋದಳು. ಉಳಿದದ್ದೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅದು 2001. ನಾವು ಭಾಗ್ಯನಗರದಲ್ಲಿದ್ದೆವು. ಕೊಪ್ಪಳಕ್ಕೂ ಭಾಗ್ಯನಗರಕ್ಕೂ ನಡುವೆ ರೈಲು ಹಳಿ ಒಂದೇ ಅಡ್ಡ. ಅಪ್ಪ ಬೇರೆಯವರ ಮಗ್ಗದಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದ. ನನ್ನ ಹೈಸ್ಕೂಲು ಹಳಿಯ ಆಚೆ, ಮನೆಯಿಂದ ಹೆಚ್ಚುಕಡಿಮೆ ಮೂರು ಕಿಲೋಮೀಟರ್. ನಡೆದೇ ಹೋಗಬೇಕು. ಹೊಸಪೇಟೆ ಕಡೆಯಿಂದ ಅದಿರು ತುಂಬಿದ ಗೂಡ್ಸ್ ಗಾಡಿ ಬಂತು ಅಂದರೆ ಗೇಟು ಬೀಳುತ್ತಿತ್ತು. ಡಬ್ಬಿ ಎಣಿಸುತ್ತಾ ನಿಲ್ಲುವುದು, ಎಣಿಸಿ ಮುಗಿಯುವಷ್ಟರಲ್ಲಿ ಶಾಲೆಯಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹತ್ತನೇ ತರಗತಿಗೆ ಬೆಳಿಗ್ಗೆ ಎಂಟಕ್ಕೇ ಸ್ಪೆಷಲ್ ಕ್ಲಾಸು ಅಂತ ಮೊದಲೇ ಹೇಳಿಬಿಟ್ಟಿದ್ದರು. ನನಗೆ ಸೈಕಲ್ ಬೇಕಿತ್ತು.

ಅಪ್ಪನನ್ನು ಕೇಳಿದೆ. ಅವನು ಇಲ್ಲ ಅನ್ನಲಿಲ್ಲ. "ನೋಡೂಣು" ಅಂದ. ಆ ವರ್ಷ ವಾರಕ್ಕೆ ನಾಲ್ಕು ದಿನ ಮಗ್ಗದ ಕೆಲಸ ಸಿಕ್ಕರೆ ದೊಡ್ಡದು. ಹಾಗಾಗಿ "ನೋಡೂಣು" ಅಂದರೆ ಏನು ಅಂತ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಪರೀಕ್ಷೆ ಮುಗಿದ ಮಾರನೇ ದಿನ, "ನಾನ ದುಡಿದು ತೊಗೋತೀನಿ" ಅಂದೆ. ಅವ್ವ ಬೇಡ ಅಂದಳು. ಅಪ್ಪ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಾಕ ನೀನ ಹೋಗು. ನಾ ಬರೂದಿಲ್ಲ. ಆದ್ರ ಎಲ್ಲೆಲ್ಲಿ ಕೇಳಿದಿ ಅಂತ ಸಂಜೀಕ ನನಗ ಹೇಳಬೇಕು" ಅಂದ.

ಎರಡು ದಿನ ತಿರುಗಿದೆ. ಮೊದಲು ಹೋಗಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಎಸ್‌ಟಿಡಿ ಬೂತಿಗೆ. ಫ್ಯಾನ್ ಕೆಳಗೆ ಕೂತು ಮೀಟರ್ ನೋಡಿ ದುಡ್ಡು ಇಸಿದುಕೊಳ್ಳುವ ಕೆಲಸ, ಸುಲಭ ಅಂದುಕೊಂಡಿದ್ದೆ. ಮಾಲೀಕರು ನಕ್ಕು, "ತಂಗಿ, ನಮ್ಮ ಗಿರಾಕಿ ಬರೂದ ರಾತ್ರಿ ಹತ್ತರ ಮ್ಯಾಲೆ" ಅಂದರು. ಆಗೆಲ್ಲ ರಾತ್ರಿ ತಡವಾದಷ್ಟೂ ಫೋನಿನ ದರ ಇಳಿಯುತ್ತಿತ್ತಲ್ವಾ. ದುಡಿಯೋಕೆ ದೂರ ಹೋದ ಮಕ್ಕಳ ಜೊತೆ ಮಾತಾಡೋಕೆ ಜನ ಹೊದ್ದುಕೊಂಡು ಬಂದು ಸಾಲಲ್ಲಿ ಕೂರುತ್ತಿದ್ದರು. ಆ ಹೊತ್ತಿಗೆ ಹುಡುಗಿಯನ್ನು ಕೂರಿಸೋಕೆ ಆಗಲ್ಲ ಅಂದರು. ಸರಿಯಾಗೇ ಹೇಳಿದರು.

ಬಳೆ ಅಂಗಡಿಯಲ್ಲಿ ಅವರದೇ ಮೂವರು ಮಕ್ಕಳಿದ್ದರು. ಮೆಡಿಕಲ್ ಶಾಪಿನವರು ಪಾಪ ಒಂದು ಚೀಟಿ ಕೊಟ್ಟು ಓದು ಅಂದರು. ಡಾಕ್ಟರ ಅಕ್ಷರ, ಒಂದೂ ಗೊತ್ತಾಗಲಿಲ್ಲ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ಯಾರ ಮಗಳವ್ವ ನೀನು?" ಏನು ಕೆಲಸ ಬರುತ್ತೆ ಅಂತ ಒಬ್ಬರೂ ಕೇಳಲಿಲ್ಲ.

ಒಂದು ಜಾಗದಲ್ಲಿ ಮಾತ್ರ ಏನೂ ಕೇಳದೆ ನಾಳೆಯಿಂದಲೇ ಬಾ ಅಂದರು. ನಮ್ಮ ಭಾಗ್ಯನಗರದ್ದೇ ಒಂದು ಕೂದಲಿನ ಗೋದಾಮು. ಗೊತ್ತಿಲ್ಲದವರಿಗೆ ಹೇಳಬೇಕು: ಭಾಗ್ಯನಗರ ಸೀರೆಗೆ ಹೇಗೋ ಕೂದಲಿಗೂ ಹಾಗೇ ಹೆಸರುವಾಸಿ. ಬಾಚಿದಾಗ ಉದುರಿದ ಕೂದಲನ್ನು ಊರೂರು ತಿರುಗಿ ಕೂಡಿಸಿ ತರುತ್ತಾರೆ. ಅದರ ಸಿಕ್ಕು ಬಿಡಿಸಿ, ಉದ್ದ ಗಿಡ್ಡ ಬೇರೆ ಮಾಡಿ, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ. ಟೋಪನ್ನಿಗೆ ಹೋಗುತ್ತದೆ. ನಮ್ಮ ಓಣಿಯ ಎಷ್ಟೋ ಹೆಂಗಸರ ಮನೆ ನಡೆದದ್ದು ಆ ಕೆಲಸದಿಂದಲೇ. ಆದರೆ ಸಣ್ಣ ಕೋಣೆ, ಕಣ್ಣಿಗೆ ಕಾಣದ ಧೂಳು, ಸಂಜೆ ಎಲ್ಲರಿಗೂ ಕೆಮ್ಮು. ಅಪ್ಪನಿಗೆ ಹೇಳಿದೆ. "ವಯಸ್ಸೆಷ್ಟು ಅಂತ ಕೇಳಿದ್ರೇನು?" ಅಂದ. ಇಲ್ಲ ಅಂದೆ. "ಸಾಲಿ?" ಅದೂ ಇಲ್ಲ. "ಹಂಗಾದ್ರ ಬ್ಯಾಡ" ಅಂದ. ಅಷ್ಟೇ ಮಾತು.

ಮೂರನೇ ದಿನ ಹೋಗಿದ್ದು ಮ್ಯಾಚಿಂಗ್ ಸೆಂಟರಿಗೆ. ಅಲ್ಲಿಗೆ ಕೆಲಸ ಕೇಳೋಕೆ ಅಂತ ಹೋಗಿರಲಿಲ್ಲ, ಅವ್ವನ ಕುಪ್ಪಸದ ಬಟ್ಟೆಗೆ ಹೋಗಿದ್ದೆ. ಸಣ್ಣ ಅಂಗಡಿ. ಗೋಡೆ ತುಂಬ ಬಣ್ಣ ಬಣ್ಣದ ಬಟ್ಟೆಯ ಸುರುಳಿ, ಮೂಲೆಯಲ್ಲೊಂದು ಪೀಕೋ ಮಷಿನ್. ಅಂಗಡಿ ನಡೆಸುವ ಅಕ್ಕಾರು ಗಲ್ಲೆಯ ಹಿಂದೆ ಕೂತು ಒಂದು ಸೀರೆಗೆ ಫಾಲ್, ಅಂದರೆ ಕೆಳಗಿನ ಅಂಚಿಗೆ ಒಳಬದಿಯಿಂದ ಹೊಲಿಯುವ ಬಟ್ಟೆಯ ಪಟ್ಟಿ, ಹಚ್ಚುತ್ತಿದ್ದರು. ಗಿರಾಕಿ ಬಂದಾಗ ಸೂಜಿ ಬಿಟ್ಟು ಏಳುವುದು, ಬಟ್ಟೆ ಹರಿದು ಕೊಡುವುದು, ಮತ್ತೆ ಬಂದು ಸೂಜಿ ಹುಡುಕುವುದು. ಪಕ್ಕದಲ್ಲಿ ಇನ್ನೂ ಇಪ್ಪತ್ತು ಸೀರೆ ಗುಡ್ಡೆ ಬಿದ್ದಿದ್ದವು. ಮದುವೆ ಸೀಜನ್ ಬೇರೆ.

ಆ ಗುಡ್ಡೆಗೆ ಕಾರಣ ಅವತ್ತು ನನಗೆ ಹೊಳೆದಿರಲಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಹೊಸ ಜಿಲ್ಲೆ ಆಯಿತು. ಆಫೀಸುಗಳು ಬಂದವು, ನೌಕರರ ಮನೆಗಳು ಬಂದವು. ದಿನಾ ಸೀರೆ ಉಟ್ಟು ಕೆಲಸಕ್ಕೆ ಹೋಗುವ ಹೆಂಗಸರು ಊರಲ್ಲಿ ಜಾಸ್ತಿ ಆದರು. ಅವರು ಉಡುವುದು ಹಗುರ ಸೀರೆ, ಪಾಲಿಸ್ಟರು, ಜಾರ್ಜೆಟ್ಟು. ಕೆಳಗೆ ಭಾರ ಇಲ್ಲದಿದ್ದರೆ ನಿರಿಗೆ ನಿಲ್ಲುವುದಿಲ್ಲ, ಗಾಳಿಗೆ ಹಾರುತ್ತದೆ. ಚಪ್ಪಲಿಗೆ ತಾಗಿ ಅಂಚು ಹರಿಯುತ್ತದೆ. ಅದಕ್ಕೇ ಫಾಲ್. ನಮ್ಮ ಅವ್ವನಿಗೆ ಇದು ಕೊನೆಗೂ ಒಪ್ಪಿಗೆ ಆಗಲಿಲ್ಲ. "ನಾವು ಯಾವತ್ತು ಸೀರಿಗೆ ಫಾಲ್ ಹಚ್ಚೀವಿ? ನಿಮ್ಮಪ್ಪ ನೇಯ್ದ ಸೀರಿ ಅದರಷ್ಟಕ್ಕ ಅದ ನಿಂದರತೈತಿ" ಅನ್ನುತ್ತಿದ್ದಳು.

ನಾನು ಬಟ್ಟೆ ತೆಗೆದುಕೊಂಡು, ದುಡ್ಡು ಕೊಟ್ಟು, ಹೊರಗೆ ಬಂದು, ಮತ್ತೆ ಒಳಗೆ ಹೋದೆ. "ಅಕ್ಕಾರ, ಇದನ್ನ ನಾ ಮಾಡಿಕೊಡ್ಲೇನ್ರಿ?"

ಅವರು ಕನ್ನಡಕದ ಮೇಲಿಂದ ನೋಡಿದರು. ಯಾರ ಮಗಳು ಅಂತ ಕೇಳಲಿಲ್ಲ. "ಹೆಮ್ಮಿಂಗ್ ಬರ್ತೈತೇನು?" ಅಂದರು.

"ಬರ್ತೈತ್ರಿ. ಅಜ್ಜಿ ಜೋಡಿ ಕೌದಿ ಹೊಲದೀನ್ರಿ."

ಒಂದು ತುಂಡು ಬಟ್ಟೆ, ಸೂಜಿದಾರ ಕೈಗೆ ಕೊಟ್ಟರು. ನಿಂತುಕೊಂಡೇ ಒಂದು ಗೇಣು ಹೊಲಿದೆ. ಅಜ್ಜಿ ಕಲಿಸಿದ ಹಾಗೆ ಒಂದೇ ಅಳತೆ, ಒಂದೇ ಸಾಲು. ಚೆನ್ನಾಗಿ ಬಂದಿದೆ ಅಂದುಕೊಂಡು ಕೊಟ್ಟೆ. ಅಕ್ಕಾರು ತಿರುಗಿಸಿ ನೋಡಿದರು. "ಕೌದಿ ಹೊಲಿಗಿ ಕಾಣಬೇಕು ತಂಗಿ. ಫಾಲ್ ಹೊಲಿಗಿ ಕಾಣಬಾರದು" ಅಂದು ಎಲ್ಲ ಬಿಚ್ಚಿದರು. ಆಮೇಲೆ ನನ್ನನ್ನು ಪಕ್ಕ ಕೂರಿಸಿಕೊಂಡು ತೋರಿಸಿದರು.

ಆ ಐದು ನಿಮಿಷ ನನಗೆ ಇನ್ನೂ ಹಾಗೇ ನೆನಪಿದೆ. ಫಾಲಿನ ಅಂಚನ್ನು ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯಬೇಕು. ಸೂಜಿಯ ಮೊನೆಯಿಂದ ಸೀರೆಯ ಒಂದೇ ಒಂದು ಎಳೆ ಎತ್ತಬೇಕು. ಹೆಚ್ಚೆಂದರೆ ಎರಡು. ಮೂರು ಎತ್ತಿದರೆ ಆಚೆ ಬದಿಗೆ ಚುಕ್ಕೆ ಕಾಣುತ್ತದೆ. ಎತ್ತಿದ ಮೇಲೆ ದಾರ ಎಳೆಯಬೇಕು, ಆದರೆ ಬಿಗಿಯಬಾರದು. ಬಿಗಿದರೆ ಸೀರೆ ಮುದುರುತ್ತದೆ. ಅಕ್ಕಾರ ಕೈಯಲ್ಲಿ ಸೂಜಿ ಹೋಗುವುದು, ಬರುವುದು ಕಾಣುತ್ತಿರಲಿಲ್ಲ. ದಾರ ಕಡಿಮೆಯಾಗುವುದಷ್ಟೇ ಕಾಣುತ್ತಿತ್ತು.

ಸೀರೆಗೆ ಆರು ರೂಪಾಯಿ ಅಂದರು. ಎರಡು ಸೀರೆ ಚೀಲಕ್ಕೆ ಹಾಕಿ ಕೊಟ್ಟರು. "ಮನಿಯಾಗ ಹಚ್ಚಿಕೊಂಡು ಬಾ. ಹಗಲಾಗ ಹಚ್ಚು. ಚಿಮಣಿ ಬೆಳಕಿನಾಗ ಕುಂತು ಕಣ್ಣು ಕೆಡಿಸಿಕೋಬ್ಯಾಡ" ಅಂದರು. ಬಿಸಿಲಲ್ಲಿ ಮೂರು ಕಿಲೋಮೀಟರ್ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಗೇಟು ಬಿದ್ದಿತ್ತಾ, ತೆರೆದಿತ್ತಾ, ಅದೂ ನೆನಪಿಲ್ಲ.

ಮೊದಲ ಸೀರೆಗೆ ಎರಡು ಗಂಟೆ ಹಿಡಿಯಿತು. ಹೊರಬಾಗಿಲ ಹೊಸ್ತಿಲ ಮೇಲೆ ಬೆಳಕಿಗೆ ಕೂರುತ್ತಿದ್ದೆ. ಪಕ್ಕದ ಮನೆಗಳಿಂದ ಮಗ್ಗದ ಸದ್ದು. ಮೊದಲು ಕುಪ್ಪಸದ ತುಂಡು ಬೇರೆ ಮಾಡಿಕೊಳ್ಳಬೇಕು. ಆಮೇಲೆ ಒಳಗೆ ಸಿಕ್ಕಿಸಿಕೊಳ್ಳುವ ತುದಿ ಯಾವುದು, ಸೆರಗು ಯಾವುದು ನೋಡಬೇಕು. ಒಳಬದಿ ಯಾವುದು ಅಂತ ಹೊರಗೆ ಬಿಸಿಲಿಗೆ ಹಿಡಿದು ನೋಡಬೇಕು. ಕೆಲವು ಸೀರೆಗಳಲ್ಲಿ ಎರಡೂ ಬದಿ ಒಂದೇ ಥರ ಕಾಣುತ್ತವೆ, ಅವೇ ಕಷ್ಟ. ತುದಿಯಿಂದ ಒಂದು ಗೇಣು ಬಿಟ್ಟು ಫಾಲ್ ಶುರು. ಎರಡೂವರೆ ಮೀಟರ್ ಚಿಲ್ಲರೆ ಉದ್ದ, ಅಂಗೈಗಿಂತ ಸ್ವಲ್ಪ ಅಗಲ. ಕೆಳಗಿನ ಅಂಚು ಸುಲಭ, ಬೇಗ ಆಗುತ್ತದೆ. ಮೇಲಿನ ಅಂಚೇ ನಿಜವಾದ ಕೆಲಸ. ಬೆವರುಗೈ ತಾಗಿ ತಿಳಿ ಬಣ್ಣದ ಸೀರೆ ಕಲೆಯಾಗಬಾರದು ಅಂತ ಪಕ್ಕದಲ್ಲಿ ಒಂದು ಹಳೇ ಪಂಚೆ ತುಂಡು ಇಟ್ಟುಕೊಂಡಿರುತ್ತಿದ್ದೆ. ನಡುವೆ ನಡುವೆ ಕೈ ಒರೆಸಿಕೊಳ್ಳುವುದು, ಮತ್ತೆ ಹೊಲಿಯುವುದು. ಹದಿನೈದು ದಿನದಲ್ಲಿ ಒಂದು ಸೀರೆ ಮುಕ್ಕಾಲು ಗಂಟೆಗೆ ಬಂತು. ಅಕ್ಷಯ ತದಿಗೆ ಹತ್ತಿರ ಬಂದಾಗ ದಿನಕ್ಕೆ ಐದು, ಆರು.

ಅಪ್ಪ ಮಧ್ಯಾಹ್ನ ಊಟಕ್ಕೆ ಬಂದಾಗ ನಾನು ಹಚ್ಚಿದ ಸೀರೆಯನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಮೊದಲು ನೋಡುತ್ತಿದ್ದದ್ದು ನನ್ನ ಹೊಲಿಗೆಯನ್ನಲ್ಲ, ನೇಯ್ಗೆಯನ್ನು. "ಇದು ಮಷಿನ್ ಮಾಲು" ಅನ್ನುತ್ತಿದ್ದ. ಆಮೇಲೆ ಹೊಲಿಗೆ ನೋಡಿ ಏನೂ ಹೇಳದೆ ಮಡಚಿ ಇಡುತ್ತಿದ್ದ. ಚೆನ್ನಾಗಿಲ್ಲದಿದ್ದರೆ ಹೇಳುತ್ತಿದ್ದ, ಹಾಗಾಗಿ ಹೇಳದಿದ್ದರೆ ನನಗೆ ಖುಷಿ.

ಇನ್ನು ತಪ್ಪಿನ ಕಥೆ. ಅದನ್ನು ತಂಗಿ ಮಗಳಿಗೆ ಇನ್ನೂ ಹೇಳಿಲ್ಲ.

ಫಾಲ್ ಬಟ್ಟೆ ಕಾಟನ್. ಅದನ್ನು ಹಚ್ಚುವ ಮೊದಲು ಉಪ್ಪು ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ನೆನೆಸಿದರೆ ಅದು ಎಷ್ಟು ಕುಗ್ಗಬೇಕೋ ಅಷ್ಟು ಮೊದಲೇ ಕುಗ್ಗಿಬಿಡುತ್ತದೆ, ಬಣ್ಣ ಬಿಡುವುದಿದ್ದರೂ ಆಗಲೇ ಬಿಡುತ್ತದೆ. ಇದು ಅಕ್ಕಾರು ಮೊದಲ ದಿನವೇ ಹೇಳಿದ್ದ ಮಾತು. ಆ ಮೇ ತಿಂಗಳಲ್ಲಿ ನಮ್ಮ ಓಣಿಯ ನಲ್ಲಿಗೆ ನೀರು ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ಒಂದು ಸಲ ಒಂಬತ್ತನೇ ದಿನವೂ ಬರಲಿಲ್ಲ. ಮನೆಯಲ್ಲಿ ಕುಡಿಯೋಕೆ ಎರಡು ಕೊಡ ಇತ್ತು. ಕೈಯಲ್ಲಿ ಏಳು ಸೀರೆ, ಮರುದಿನ ಕೊಡಬೇಕು. ಅವ್ವನ ಹತ್ತಿರ ಒಂದು ಬಕೆಟ್ ನೀರು ಕೇಳೋಕೆ ಬಾಯಿ ಬರಲಿಲ್ಲ. ನೆನೆಸದೇ ಹಚ್ಚಿದೆ. ಇಸ್ತ್ರಿ ಮಾತ್ರ ಗಟ್ಟಿಯಾಗಿ ಮಾಡಿದೆ. ನೋಡೋಕೆ ಏನೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಐದು ದಿನದ ಮೇಲೆ ಅಂಗಡಿಗೆ ಹೋದಾಗ ಗಲ್ಲೆಯ ಮೇಲೆ ಒಂದು ನೇರಳೆ ಸೀರೆ ಹರಡಿತ್ತು. ಒಂದೇ ಒಂದು ಸಲ ತೊಳೆದಿದ್ದರು. ಫಾಲ್ ಕುಗ್ಗಿ, ಅದರ ಜೊತೆ ಸೀರೆಯ ಅಂಚೂ ಕುಗ್ಗಿ, ಕೆಳಗೆಲ್ಲ ಒಣಗಿದ ಎಲೆ ಥರ ಮುದುರಿಕೊಂಡಿತ್ತು. ಸೀರೆಯ ಒಡತಿ ಎದುರಿಗೇ ನಿಂತಿದ್ದರು. ಅಕ್ಕಾರು ನನ್ನ ಕಡೆ ನೋಡಲೇ ಇಲ್ಲ. "ನನ್ನ ತಪ್ಪು ಮೇಡಂ, ನಾಳೆ ಹೊಸಾ ಫಾಲ್ ಹಚ್ಚಿ ನಾನ ಕಳಸ್ತೀನಿ" ಅಂದರು. ಅವರು ಹೋದ ಮೇಲೆ ನನಗೆ, "ಈ ಫಾಲ್ ತೊಯಿಸಿದ್ದಿ?" ಅಂದರು.

ಇಲ್ಲ ಅಂದೆ. ಅಲ್ಲಿಗೆ ಅದು ಮುಗಿಯಬಹುದಿತ್ತು. ಅವರ ಪಾಲಿಗೆ ಕೆಟ್ಟಿದ್ದು ಒಂದೇ ಸೀರೆ. ಉಳಿದ ಆರರ ವಿಷಯ ನನ್ನೊಬ್ಬಳಿಗೇ ಗೊತ್ತು. ನಾನು ಫ್ಯಾನಿನ ಗಾಳಿಗೆ ಅಲ್ಲಾಡುವ ಬಟ್ಟೆ ನೋಡುತ್ತಾ ಎಷ್ಟೋ ಹೊತ್ತು ನಿಂತೆ. ಆಮೇಲೆ, "ಇನ್ನೂ ಆರು ಅದಾವ್ರಿ ಅಕ್ಕಾರ" ಅಂದೆ. ಅಳು ಬಂತು.

ಅವರು ಬೈಯಲಿಲ್ಲ. ಚೀಟಿ ಪುಸ್ತಕ ತೆಗೆದರು. ಪ್ರತಿ ಸೀರೆಗೂ ಒಂದು ಚೀಟಿ ಪಿನ್ ಮಾಡಿ, ಅದರ ಇನ್ನೊಂದು ಹಾಳೆ ಇಟ್ಟುಕೊಳ್ಳುತ್ತಿದ್ದರು. ಬಣ್ಣ, ಹೆಸರು, ಎಲ್ಲಿಯವರು. "ಅವರು ತೊಳಿಯೂದ್ರಾಗ ಹೋಗಿ ಇಸಕೊಂಡು ಬಾ" ಅಂದರು.

ಕೋಟೆಯ ಕೆಳಗಿನ ಓಣಿ, ಕಿನ್ನಾಳ ರಸ್ತೆ, ಗಡಿಯಾರ ಕಂಬದ ಹಿಂದೆ, ಸ್ಟೇಷನ್ ರಸ್ತೆ, ಗವಿಮಠದ ದಾರಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ತಿರುಗಿದೆ. ಬಾಗಿಲು ತಟ್ಟಿ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಳ್ಳುವುದು. ಬಾಗಿಲು ತೆರೆದ ಕೂಡಲೇ ಎಲ್ಲ ಮರೆತು, "ನಿಮ್ಮ ಸೀರಿ ಕೊಡ್ರಿ, ಫಾಲ್ ತಪ್ಪು ಹಚ್ಚೀನ್ರಿ" ಅಂದುಬಿಡುವುದು. ಒಬ್ಬರು, "ಮತ್ತ ರೊಕ್ಕ ಕೇಳಾಕ ಬಂದಿಯೇನು?" ಅಂತ ಜೋರು ಮಾಡಿದರು. ರೊಕ್ಕ ಬೇಡ ಅಂದ ಮೇಲೂ ಬಾಗಿಲಲ್ಲೇ ನಿಲ್ಲಿಸಿ ಸೀರೆ ತಂದು ಕೊಟ್ಟರು. ಇನ್ನೊಂದು ಮನೆಯಲ್ಲಿ ಅಜ್ಜಿಯೊಬ್ಬರು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತಾ ಕೂತಿದ್ದರು. ಸ್ಟೇಷನ್ ರಸ್ತೆಯ ಮನೆಯಲ್ಲಿ ಸೀರೆ ಆಗಲೇ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಅಲ್ಲೇ ಹಿಂಡಿಕೊಂಡು, ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದೆ. ಅಂಗಡಿ ಮುಟ್ಟುವಷ್ಟರಲ್ಲಿ ಅದು ಒಣಗಿತ್ತು. ಅಂಥ ಬಿಸಿಲು.

ಐದು ಸಿಕ್ಕವು. ಆರನೆಯದು ಸಿಗಲಿಲ್ಲ. ಚೀಟಿಯಲ್ಲಿ ಇದ್ದದ್ದು ಇಷ್ಟೇ: "ಹಸಿರು, ಹಳದಿ ಅಂಚು. ಟೀಚರ್, ಕುಕನೂರು." ಯಾರೋ ಬಸ್ಸಿಗೆ ಹೋಗುವ ಅವಸರದಲ್ಲಿ ಕೊಟ್ಟು, ಅವಸರದಲ್ಲೇ ತೆಗೆದುಕೊಂಡು ಹೋಗಿದ್ದರು. ಅವರು ವಾಪಸ್ ಬಂದರೆ ಹೇಳಿ ಅಂತ ಅಕ್ಕಾರಿಗೆ ಎಷ್ಟು ಸಲ ಹೇಳಿದೆನೋ. ಬರಲಿಲ್ಲ.

ನೇರಳೆ ಸೀರೆ ಸೇರಿ ಆರಕ್ಕೂ ಫಾಲ್ ಬಿಚ್ಚಿ ಹೊಸದು ಹಚ್ಚಿದೆ. ಬಿಚ್ಚುವುದು ಹಚ್ಚುವುದಕ್ಕಿಂತ ನಿಧಾನ. ಬ್ಲೇಡ್ ಸ್ವಲ್ಪ ಜಾರಿದರೂ ಸೀರೆಯೇ ಹೋಗುತ್ತದೆ. ಆರು ಫಾಲಿಗೆ 66 ರೂಪಾಯಿ. ಪೂರ್ತಿ ನನ್ನ ಲೆಕ್ಕದಲ್ಲಿ ಕಳೆಯಿರಿ ಅಂದೆ. ಅಕ್ಕಾರು 33 ಮಾತ್ರ ಕಳೆದರು. "ಇಸಗೊಳ್ಳುವಾಗ ನಾ ನೋಡಬೇಕಾಗಿತ್ತು. ಅರ್ಧ ನಂದು" ಅಂದರು. ಮತ್ತೆ ಕೇಳಿದರು, "ಯಾಕ ತೊಯಿಸಲಿಲ್ಲ?" ನೀರಿರಲಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮರುದಿನದಿಂದ ಅಂಗಡಿಯಲ್ಲೇ ಫಾಲ್ ನೆನೆಸಿ, ಒಣಗಿಸಿ ಇಡುತ್ತಿದ್ದರು. ನಾನು ಹೊಲಿದು ಕೊಟ್ಟರೆ ಸಾಕು.

ಮೇ ಕೊನೆಗೆ ಲೆಕ್ಕ ಮಾಡಿದಾಗ 163 ಸೀರೆ. 978 ರೂಪಾಯಿ, ಅದರಲ್ಲಿ 33 ಹೋಗಿ 945. ಗವಿಮಠದ ದಾರಿಯ ಒಂದು ಸೈಕಲ್ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ಲು 700ಕ್ಕೆ ಸಿಕ್ಕಿತು. ಕಡುನೀಲಿ, ಹಿಂದಿನ ಮಡ್‌ಗಾರ್ಡ್ ಸ್ವಲ್ಪ ಸೊಟ್ಟ. ಅವ್ವನಿಗೆ 200 ಕೊಟ್ಟೆ. ಅವಳು ತಗೊಳ್ಳಲಿಲ್ಲ, ಆಮೇಲೆ ತಗೊಂಡಳು. ಉಳಿದ 45ಕ್ಕೆ ಬೀಗ ತಂದೆ. ಅಪ್ಪ ಸಂಜೆ ಮಗ್ಗದಿಂದ ಬಂದವನು ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿ, ಒಳಗೆ ಹೋಗಿ ಎಣ್ಣೆ ತಂದು ಚೈನಿಗೆ ಬಿಟ್ಟ.

ಶಾಲೆ ಶುರುವಾದ ಮೇಲೂ ನಾನು ಸೀರೆ ಕೇಳೋಕೆ ಹೋದೆ. ಆರು ರೂಪಾಯಿಯ ರುಚಿ ಹತ್ತಿತ್ತು. ಅಕ್ಕಾರು, "ಐತವಾರ ಎರಡು ಸೀರಿ ಕೊಡ್ತೀನಿ. ಅದಕಿಂತ ಒಂದೂ ಜಾಸ್ತಿ ಇಲ್ಲ. ಹತ್ತನೇತ್ತ ಅಂದ್ರ ಹುಡುಗಾಟ ಅಲ್ಲ" ಅಂದರು. ನನಗೆ ಆಗ ತುಂಬಾ ಬೇಜಾರಾಗಿತ್ತು.

ಈಗ ನಾನು ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈಯಿಂದಲೇ ಸೈಕಲ್ ಹಂಚಿದ್ದೇನೆ. ಬೀಗದ ಕೈ ಇಸಿದುಕೊಳ್ಳುವಾಗ ಹೆಣ್ಣುಮಕ್ಕಳ ಮುಖ ನೋಡಬೇಕು. ಆದರೆ ಇದೇ ಕೆಲಸದಲ್ಲಿ ಇನ್ನೊಂದನ್ನೂ ನೋಡಿದ್ದೇನೆ. ನಮ್ಮ ಕಡೆ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಶುರುವಾದರೆ ಕ್ಲಾಸಿನ ಹಿಂದಿನ ಬೆಂಚು ಖಾಲಿಯಾಗುತ್ತದೆ. ಸಣ್ಣ ಬೆರಳು ಬೇಕು ಅಂತ ಹುಡುಗಿಯರನ್ನೇ ಕರೆಯುತ್ತಾರೆ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ತಾಗಿಸುವ ಕೆಲಸ, ಬೆಳಗಿನಿಂದ ಬಗ್ಗಿಯೇ ಇರಬೇಕು. ಹೊಲಕ್ಕೆ ಹೊಡೆದ ಔಷಧಿ ಕೈಗೂ ಹತ್ತುತ್ತದೆ. ಎರಡು ತಿಂಗಳು ಬಿಟ್ಟು ವಾಪಸ್ ಬಂದ ಹುಡುಗಿಗೆ ಬೀಜಗಣಿತ ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಾಗುವುದಿಲ್ಲ. ಕೆಲವರು ವಾಪಸ್ ಬರುವುದೇ ಇಲ್ಲ. ಅವರ ಮನೆಗೆ ಹೋಗಿದ್ದೇನೆ. ಮನೆ ಬಾಗಿಲಲ್ಲಿ ನಿಂತು ಏನು ಹೇಳಬೇಕು ಅಂತ ಈಗಲೂ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಳ್ಳುತ್ತೇನೆ.

ಅದಕ್ಕೇ ತಂಗಿ ಮಗಳಿಗೆ ಸುಮ್ನೆ "ಹೋಗು" ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಕೂರಿಸಿಕೊಂಡು ಹೇಳಿದೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾನೂನು ಹೀಗಿದೆ: ಹದಿನಾಲ್ಕರ ಒಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲಸಕ್ಕೆ ಹಚ್ಚುವ ಹಾಗಿಲ್ಲ. ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಇಲ್ಲ. ವಾರಕ್ಕೊಂದು ದಿನ ರಜೆ. ಎಲ್ಲಾದರೂ ತೊಂದರೆಯಾದರೆ 1098ಕ್ಕೆ ಫೋನ್ ಮಾಡಬಹುದು, ಮಕ್ಕಳ ಸಹಾಯವಾಣಿ. ದುಡ್ಡು ಎಷ್ಟು, ಯಾವತ್ತು ಕೊಡುತ್ತೀರಿ ಅಂತ ಮೊದಲ ದಿನವೇ ಕೇಳು. ನಾಚಿಕೆ ಪಡಬೇಡ. ಲೆಕ್ಕ ಬರೆದಿಡು. ವಯಸ್ಸು ಕೇಳದೆ ಒಳಗೆ ಕರೆದರೆ ಹೊರಗೆ ಬಾ.

ಅವಳು ಎಲ್ಲ ಕೇಳಿಸಿಕೊಂಡು, "ನಿಮಗ ಏನ್ ತಪ್ಪು ಆಗಿತ್ತು ದೊಡ್ಡವ್ವ? ರಾತ್ರಿ ಅರ್ಧಕ್ಕ ಬಿಟ್ರಿ" ಅಂದಳು. ಸಂಜೆ ಹೇಳುತ್ತೇನೆ ಅಂದೆ. ಹೇಳುತ್ತೇನೆ. ಆ ಹಸಿರು ಸೀರೆಯ ವಿಷಯವನ್ನೂ ಹೇಳಬೇಕು. ಟ್ರೇನಿಂಗ್ ಅಂತ, ಮೌಲ್ಯಮಾಪನ ಅಂತ ಶಿಕ್ಷಕಿಯರೆಲ್ಲ ಸೇರಿದ ಕಡೆ ಹಳದಿ ಅಂಚಿನ ಹಸಿರು ಸೀರೆ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಪಾದದ ಹತ್ತಿರ, ಅಂಚು ಮುದುರಿದೆಯಾ ಅಂತ. ಇಷ್ಟು ವರ್ಷ ಆ ಸೀರೆ ಎಲ್ಲಿರುತ್ತೆ, ಗೊತ್ತು. ಆದರೂ ನೋಡುತ್ತೇನೆ.

ಮಧ್ಯಾಹ್ನ ಅವಳನ್ನು ಸ್ಕೂಟಿಯಲ್ಲಿ ಜವಾಹರ ರಸ್ತೆಗೆ ಕರೆದುಕೊಂಡು ಹೋದೆ. ಅವಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತದೆ. ಒಂದು ಝೆರಾಕ್ಸ್, ಡಿಟಿಪಿ ಅಂಗಡಿಯನ್ನು ಅವಳೇ ನೋಡಿಟ್ಟಿದ್ದಳು. ನಾನೂ ಒಳಗೆ ಬರಲಾ ಅಂದೆ. ಬೇಡ ಅಂತ ತಲೆ ಅಲ್ಲಾಡಿಸಿದಳು. ರಸ್ತೆಯ ಈ ಕಡೆ ಕಬ್ಬಿನ ಹಾಲಿನ ಗಾಡಿ ಹತ್ತಿರ ನಿಂತೆ. ಗಾಜಿನ ಬಾಗಿಲಲ್ಲಿ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಅಂಗಡಿಯವರು ಏನೋ ಕೇಳಿದರು. ಅವಳು ಏನೋ ಹೇಳಿದಳು. ಮತ್ತೇನೋ ಕೇಳಿದರು. ನನ್ನ ಕೈ ಬೆವರುತ್ತಿತ್ತು, ಸೆರಗಿಗೆ ಒರೆಸಿಕೊಂಡೆ.

ಹೊರಗೆ ಬಂದು ರಸ್ತೆ ದಾಟಿದಳು. "ವಯಸ್ಸು ಕೇಳಿದ್ರು" ಅಂದಳು. "ಸಾಲಿನೂ ಕೇಳಿದ್ರು. ನಾಕ ಗಂಟೆಕ್ಕ ಮತ್ತ ಬಾ, ಒಂದು ಪುಟ ಟೈಪ್ ಮಾಡಿ ತೋರಸು ಅಂದ್ರು."

ನಾಲ್ಕಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ಮನೆಗೆ ಹೋಗಿ ಬರೋಣವಾ ಅಂದೆ. ಬೇಡ, ಇಲ್ಲೇ ಇರೋಣ ಅಂದಳು. ಎರಡು ಗ್ಲಾಸ್ ಕಬ್ಬಿನ ಹಾಲು ಹೇಳಿದೆ.